ಊರ ಬಯಲು: ಗೋಮಾಳ, ಗಾಯರಾನ, ಪೊರಂಬೋಕುಗಳ ದಾಖಲೆ ಮತ್ತು ಆರೈಕೆ

ಯಾರೊಬ್ಬರ ಸ್ವಂತಕ್ಕೂ ಸೇರದೆ ಊರಿನ ಎಲ್ಲರ ಬಳಕೆಗೆ ಬಿಟ್ಟಿರುವ ಹಸಿರು ಜಾಗವೇ ಊರ ಬಯಲು. ದನ ಮೇಯುವ ಗೋಮಾಳ, ಸುಗ್ಗಿಯ ಕಣ, ಗುಂಡುತೋಪು, ಜಾತ್ರೆ ನಡೆಯುವ ಮೈದಾನ, ಕೆರೆಯಂಗಳ, ನಾಗಬನ, ಹುಡುಗರು ಚೆಂಡಾಡುವ ಪದವು ಇವೆಲ್ಲ ಇದರಲ್ಲಿ ಸೇರುತ್ತವೆ. ಪಟ್ಟಣದಲ್ಲಿ ಪಾರ್ಕು ಮಾಡುವ ಕೆಲಸವನ್ನು ಹಳ್ಳಿಯಲ್ಲಿ ಈ ಜಾಗಗಳು ಮಾಡುತ್ತವೆ. ಜೊತೆಗೆ ಸ್ವಂತ ಹೊಲವಿಲ್ಲದವರ ಕುರಿ, ಮೇಕೆ, ಎಮ್ಮೆಗಳಿಗೆ ಮೇವು ಸಿಗುವುದೂ ಇಲ್ಲಿಯೇ.

ಇಂತಹ ಬಯಲನ್ನು ಉಳಿಸಲು ಅನೇಕ ಊರುಗಳಲ್ಲಿ ಯುವಕ ಸಂಘ, ಮಹಿಳಾ ಸಂಘ, ದೇವಸ್ಥಾನದ ಸಮಿತಿಗಳವರು ಸ್ವಂತ ಇಚ್ಛೆಯಿಂದ ಗಿಡ ನೆಟ್ಟು, ಬೇಲಿ ಕಟ್ಟಿ, ಕಳೆ ಕೀಳುತ್ತಾರೆ. ಆದರೆ ದುಡಿದ ಜಾಗ ದಾಖಲೆಯಲ್ಲಿ ಏನೆಂದು ಇದೆ ಎಂಬುದನ್ನು ನೋಡಿರುವುದಿಲ್ಲ. ಮೂರು ಬೇಸಿಗೆ ನೀರು ಹೊತ್ತ ಮೇಲೆ ಒಂದು ದಿನ ಅಳತೆಯವರು ಬಂದು, ಇದು ಬೇರೆಯವರಿಗೆ ಮಂಜೂರಾಗಿದೆ ಎಂದರೆ ಸಂಘದ ಕೈಯಲ್ಲಿ ಕಾಗದವೇ ಇರುವುದಿಲ್ಲ. ಇನ್ನು ಕೆಲವು ಕಡೆ ದಾಖಲೆ ಸರಿಯಾಗಿದ್ದರೂ ಜಾಗವನ್ನು ನೋಡುವವರಿಲ್ಲದೆ ಜಾಲಿ ಬೆಳೆದು, ಕಸ ತುಂಬಿ, ಪಕ್ಕದ ಹೊಲದ ಬದು ವರ್ಷಕ್ಕೊಂದು ಗಜ ಮುಂದೆ ಸರಿಯುತ್ತದೆ. ಊರ ಬಯಲು ಉಳಿಯಬೇಕಾದರೆ ದಾಖಲೆಯೂ ಬೇಕು, ಆರೈಕೆಯೂ ಬೇಕು.

ಒಂದೇ ಜಾಗ, ಬೇರೆ ಬೇರೆ ಹೆಸರು

ಗಡಿಯಾಚೆಯ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಮನೆಯಲ್ಲಿ ಗೋಮಾಳ ಎನ್ನುತ್ತೇವೆ, ಕಚೇರಿಯ ಕಡತದಲ್ಲಿ ಆ ಮಾತೇ ಇರುವುದಿಲ್ಲ. ದಾಖಲೆಯ ಮಾತು ಹಿಂದೆ ಆಳಿದವರನ್ನು ಅನುಸರಿಸಿ ಬಂದಿದೆ. ಅದನ್ನು ಮೂರು ಗುಂಪಾಗಿ ತಿಳಿದುಕೊಳ್ಳಬಹುದು.

ಮೊದಲನೆಯದು ಹಳೆಯ ಮದ್ರಾಸ್ ಪ್ರಾಂತ್ಯದ ಸೀಮೆ. ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿ, ಹೊಸೂರು, ಆದೋನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಇದರಲ್ಲಿ ಬರುತ್ತವೆ. ಇಲ್ಲಿಯ ಮಾತು ಪೊರಂಬೋಕು. ತಮಿಳಿನಲ್ಲಿ ಪುರಂ ಎಂದರೆ ಹೊರಗೆ. ಕಂದಾಯದ ಲೆಕ್ಕದಿಂದ ಹೊರಗಿಟ್ಟು ಸಾರ್ವಜನಿಕರಿಗೆ ಬಿಟ್ಟ ಜಾಗ ಎಂದು ಇದರ ಅರ್ಥ. ಇಂದು ತಮಿಳು, ಮಲಯಾಳಂ ಆಡುಮಾತಿನಲ್ಲಿ ಪೊರಂಬೋಕು ಎಂದರೆ ಕೆಲಸಕ್ಕೆ ಬಾರದವನು ಎಂಬ ಬೈಗುಳವಾಗಿದೆ. ಎಲ್ಲರಿಗೂ ಸೇರಿದ ಜಾಗ ಯಾರಿಗೂ ಬೇಡದ ಜಾಗವೆಂದು ತೋರತೊಡಗಿದ್ದಕ್ಕೆ ಈ ಮಾತೇ ಸಾಕ್ಷಿ. ತಮಿಳು ದಾಖಲೆಯಲ್ಲಿ ಮೇಯ್ಚಲ್ ಪುರಂಬೋಕು ಎಂದರೆ ಗೋಮಾಳ, ಮಂದೈವೆಳಿ ಎಂದರೆ ದನದ ಮಂದೆ ನಿಲ್ಲುವ ಬಯಲು, ಕಳಂ ಎಂದರೆ ಕಣ, ತೋಪ್ಪು ಎಂದರೆ ತೋಪು.

ಎರಡನೆಯದು ಹಳೆಯ ಮುಂಬಯಿ ಸೀಮೆಯ ಪದ್ಧತಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಗಾಯರಾನ ಅಥವಾ ಗುರಚರಣ ಎಂದು ಬರೆದಿರುತ್ತದೆ. ಎರಡೂ ದನ ಮೇಯುವ ಜಾಗವೇ.

ಮೂರನೆಯದು ಹಳೆಯ ಹೈದರಾಬಾದ್ ಸಂಸ್ಥಾನದ ಪದ್ಧತಿ. ಪಶ್ಚಿಮ ತೆಲಂಗಾಣದ ಪಹಣಿಗಳಲ್ಲಿ ಗೈರಾನ್, ಬಂಚರಾಯಿ ಎಂದರೆ ಮೇವಿನ ಜಾಗ. ಶಿಖಂ ಎಂದರೆ ಕೆರೆಯಂಗಳ.

ಒಂದು ಮಾತನ್ನು ಮಾತ್ರ ಎಚ್ಚರದಿಂದ ನೋಡಬೇಕು. ಮದ್ರಾಸ್ ಪದ್ಧತಿಯ ದಾಖಲೆಗಳಲ್ಲಿ ತರಿಸು ಎಂಬ ಇನ್ನೊಂದು ವರ್ಗವಿದೆ. ನೋಡಲು ಅದೂ ಬಯಲೇ. ಆದರೆ ತರಿಸು ಎಂದರೆ ಸಾಗುವಳಿ ಮಾಡದೆ ಬಿದ್ದಿರುವ ಸರಕಾರಿ ಜಮೀನು. ಅದನ್ನು ಖಾಸಗಿಯವರಿಗೆ ಮಂಜೂರು ಮಾಡುವುದು ಸುಲಭ. ಮೇವಿನ ಪೊರಂಬೋಕನ್ನು ಮಂಜೂರು ಮಾಡಬೇಕಾದರೆ ಮೊದಲು ಅದರ ವರ್ಗವನ್ನೇ ಬದಲಾಯಿಸಬೇಕು. ಆದ್ದರಿಂದ ನಿಮ್ಮ ಊರಿನ ಬಯಲು ಈ ಎರಡರಲ್ಲಿ ಯಾವುದು ಎಂಬುದು ಬಹಳ ಮುಖ್ಯ.

ಕಾನೂನು ಏನು ಹೇಳುತ್ತದೆ?

2011ರ ಜನವರಿ 28ರಂದು ಜಗಪಾಲ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ. ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯ ಕೆರೆಯನ್ನು ತುಂಬಿಸಿ ಮನೆ ಕಟ್ಟಿದ ವಿಚಾರ ಅದು. ಗ್ರಾಮದ ಸಾಮಾನ್ಯ ಜಮೀನುಗಳ ಒತ್ತುವರಿ ತೆರವುಗೊಳಿಸಿ ಊರಿನ ಬಳಕೆಗೆ ಮರಳಿಸಲು ಯೋಜನೆ ರೂಪಿಸಬೇಕೆಂದು ಕೋರ್ಟು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಬಹಳ ವರ್ಷಗಳಿಂದ ಇದ್ದೇವೆ, ಬಹಳ ಹಣ ಖರ್ಚು ಮಾಡಿದ್ದೇವೆ ಎಂಬ ಕಾರಣಕ್ಕೆ ಒತ್ತುವರಿಯನ್ನು ಸಕ್ರಮ ಮಾಡಬಾರದು ಎಂದೂ ಹೇಳಿತು. ಆದರೆ ಭೂರಹಿತ ಕೂಲಿಗಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರಕಾರಿ ಅಧಿಸೂಚನೆಯ ಮೂಲಕ ಕೊಟ್ಟ ಜಾಗ, ಮತ್ತು ಈಗಾಗಲೇ ಶಾಲೆ, ಆಸ್ಪತ್ರೆಯಂತಹ ಸಾರ್ವಜನಿಕ ಸೌಲಭ್ಯ ಇರುವ ಜಾಗಕ್ಕೆ ವಿನಾಯಿತಿ ಕೊಟ್ಟಿತು. ಈ ವಿನಾಯಿತಿಯನ್ನು ಮರೆಯಬಾರದು. ತೆರವು ಆರಂಭವಾದಾಗ ಮೊದಲು ಪೆಟ್ಟು ತಿನ್ನುವುದು ಗುಡಿಸಲಿನವರೇ. ಹತ್ತಾರು ಎಕರೆ ಬೇಲಿ ಹಾಕಿದವರಲ್ಲ.

ರಾಜ್ಯಗಳ ಕಾಯ್ದೆಗಳಲ್ಲಿಯೂ ರಕ್ಷಣೆ ಇದೆ. ತಮಿಳುನಾಡಿನ 1994ರ ಪಂಚಾಯತ್ ಕಾಯ್ದೆಯ 134ನೇ ಕಲಮಿನಂತೆ ಮೇವಿನ ಜಾಗ, ಕಣ, ಸ್ಮಶಾನ, ದನ ಮತ್ತು ಗಾಡಿ ನಿಲ್ಲುವ ಜಾಗ, ತೋಪುಗಳ ಪೊರಂಬೋಕು ಗ್ರಾಮ ಪಂಚಾಯತಿಗೆ ಸೇರಿದ್ದು. ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯ 22ನೇ ಕಲಮಿನಲ್ಲಿ ಜಿಲ್ಲಾಧಿಕಾರಿಯು ಊರ ದನಗಳ ಉಚಿತ ಮೇವಿಗೆ ಜಾಗ ತೆಗೆದಿಡುವ ಅವಕಾಶವಿದೆ. 2017ರಲ್ಲಿ ಸೇರಿಸಿದ 22-ಎ ಕಲಮು, ಕಾಯ್ದೆಯಲ್ಲಿ ಹೇಳಿದ ಸಂದರ್ಭಗಳ ಹೊರತು ಗುರಚರಣ ಜಾಗವನ್ನು ಬೇರೆ ಬಳಕೆಗೆ ಕೊಡಬಾರದೆನ್ನುತ್ತದೆ. ಆಂಧ್ರ ಮತ್ತು ತೆಲಂಗಾಣದಲ್ಲಿ ನೋಂದಣಿ ಕಾಯ್ದೆಯ 22-ಎ ಕಲಮಿನ ಕೆಳಗೆ ನಿಷೇಧಿತ ಜಮೀನುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವ ಸರ್ವೆ ನಂಬರನ್ನು ಸಬ್ ರಿಜಿಸ್ಟ್ರಾರ್ ಮಾರಾಟ ಪತ್ರಕ್ಕೆ ನೋಂದಾಯಿಸುವಂತಿಲ್ಲ. ಎರಡೂ ಕಡೆ 22-ಎ ಎಂಬ ಅಂಕಿ ಒಂದೇ ಆದರೂ ಕಾಯ್ದೆ ಬೇರೆ ಎಂಬುದನ್ನು ಗಮನಿಸಬೇಕು.

ಹೋಲಿಕೆಗಾಗಿ, ಕರ್ನಾಟಕದ ಭೂಕಂದಾಯ ನಿಯಮಗಳಲ್ಲಿ ಪ್ರತಿ 100 ದನಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು ಹೇಳಿದೆ. ಈ ಲೆಕ್ಕ ಗಡಿಯ ಈಚೆಗೆ ಮಾತ್ರ. ಆಚೆಯ ಊರಿನವರು ತಮ್ಮ ರಾಜ್ಯದ ಕಾಯ್ದೆಯನ್ನೇ ಹಿಡಿಯಬೇಕು.

ದಾಖಲೆ ನೋಡುವ ಕ್ರಮ

1. ಮೊದಲು ಸರ್ವೆ ನಂಬರು ತಿಳಿದುಕೊಳ್ಳಿ. ಊರಿನ ಹಿರಿಯರು ಹೇಳುವ ಹೆಸರು ದಾಖಲೆಯಲ್ಲಿ ಇರುವುದಿಲ್ಲ. ಪಕ್ಕದ ಹೊಲದವರ ಪಟ್ಟಾ ಅಥವಾ ಉತಾರದಲ್ಲಿರುವ ನಂಬರಿನಿಂದ ಗ್ರಾಮ ನಕ್ಷೆಯಲ್ಲಿ ಹುಡುಕಬಹುದು.

2. ವರ್ಗ ನೋಡಿ. ತಮಿಳುನಾಡಿನಲ್ಲಿ ಇದಕ್ಕೆ ಎ ರಿಜಿಸ್ಟರ್, ಕೇರಳದಲ್ಲಿ ಬೇಸಿಕ್ ಟ್ಯಾಕ್ಸ್ ರಿಜಿಸ್ಟರ್, ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಅಂದರೆ 7/12 ಉತಾರಾ, ಆಂಧ್ರದಲ್ಲಿ ಅಡಂಗಲ್, ತೆಲಂಗಾಣದಲ್ಲಿ ಪಹಣಿ. ತೆಲಂಗಾಣದ ಧರಣಿ ಪೋರ್ಟಲ್ ಬದಲಿಗೆ 2025ರ ಏಪ್ರಿಲ್‌ನಿಂದ ಭೂಭಾರತಿ ಬಂದಿದೆ.

3. ವಿಸ್ತೀರ್ಣ ಬರೆದುಕೊಳ್ಳಿ. ಈಗಿನ ದಾಖಲೆಯ ಜೊತೆಗೆ ಹಳೆಯ ದಾಖಲೆಯ ನಕಲನ್ನೂ ಪಡೆದರೆ ಜಾಗ ಎಲ್ಲಿ, ಯಾವಾಗ ಕಡಿಮೆಯಾಯಿತು ಎಂಬುದು ಗೊತ್ತಾಗುತ್ತದೆ.

4. ಕಾಗದ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.

5. ಗಡಿ ಕಲ್ಲುಗಳನ್ನು ಸರ್ವೆಯವರಿಂದ ಗುರುತಿಸಿಕೊಳ್ಳಿ. ಪಕ್ಕದ ಹೊಲದವರನ್ನೂ ಕರೆದು ಅವರ ಎದುರಿನಲ್ಲೇ ಅಳತೆ ಮಾಡಿಸುವುದು ಒಳ್ಳೆಯದು.

ಭಾಷೆಯ ಬಗ್ಗೆ ಅಂಜಿಕೆ ಬೇಡ. ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದರೂ ಸರ್ವೆ ನಂಬರು ಮತ್ತು ಜಮೀನಿನ ವರ್ಗದ ಹೆಸರನ್ನು ದಾಖಲೆಯಲ್ಲಿ ಇದ್ದ ಹಾಗೆಯೇ ಆ ರಾಜ್ಯದ ಭಾಷೆಯಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ. ಕನ್ನಡದಲ್ಲಿ ಗೋಮಾಳ ಎಂದಷ್ಟೇ ಬರೆದ ಅರ್ಜಿಗೆ, ಅಂತಹ ಜಮೀನು ಈ ಗ್ರಾಮದಲ್ಲಿ ಇಲ್ಲ ಎಂಬ ಉತ್ತರ ಬರಬಹುದು.

ಗ್ರಾಮಸಭೆಯ ನಿರ್ಣಯ

ಸಂಘದವರು ಕೆಲಸ ಆರಂಭಿಸುವ ಮೊದಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಬೇಕು. ಕೇರಳದಲ್ಲಿ ವಾರ್ಡಿಗೊಂದು ಗ್ರಾಮಸಭೆ ಇದ್ದು ಮೂರು ತಿಂಗಳಿಗೊಮ್ಮೆ ಸೇರಬೇಕು. ತೆಲಂಗಾಣದ 2018ರ ಕಾಯ್ದೆಯಂತೆ ಎರಡು ತಿಂಗಳಿಗೊಮ್ಮೆ, ಮಹಾರಾಷ್ಟ್ರದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ಸಲ. ತಮಿಳುನಾಡಿನಲ್ಲಿ ಗಣರಾಜ್ಯ ದಿನ, ಮೇ 1, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಗಳಂದು ಗ್ರಾಮಸಭೆ ನಡೆಯುತ್ತದೆ.

ನಿರ್ಣಯದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಯಾವ ಬಳಕೆಗೆ, ಯಾರು ನೋಡಿಕೊಳ್ಳುವುದು ಎಂಬ ನಾಲ್ಕು ಸಂಗತಿಗಳು ಇರಲೇಬೇಕು. ನಿರ್ಣಯವಿಲ್ಲದೆ ಸಂಘದ ಹೆಸರಿನಲ್ಲಿ ಬೇಲಿ ಹಾಕಿ ಬೀಗ ಜಡಿದರೆ ಕಾನೂನಿನ ಕಣ್ಣಿಗೆ ಅದೂ ಒತ್ತುವರಿಯೇ. ಸಂಘದ ಕೆಲಸ ಆರೈಕೆ ಮಾತ್ರ. ಜಾಗದ ಒಡೆತನ ಪಂಚಾಯತಿ ಅಥವಾ ಸರಕಾರದ್ದೇ ಆಗಿರುತ್ತದೆ.

ಮರಗಿಡ, ಬನಗಳಿಗೆ ಇನ್ನೊಂದು ಆಸರೆ 2002ರ ಜೀವವೈವಿಧ್ಯ ಕಾಯ್ದೆ. ಇದರ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯ ದಾಖಲಾತಿ ಪುಸ್ತಕದಲ್ಲಿ ಊರಿನ ಬನ, ತೋಪು, ಹುಲ್ಲುಗಾವಲನ್ನು ಬರೆಸಿಡಬಹುದು. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಇದೇ ಕಾಯ್ದೆಯಂತೆ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಅಮೀನ್‌ಪುರ ಕೆರೆಗೆ 2016ರಲ್ಲಿ ಈ ಸ್ಥಾನ ಸಿಕ್ಕಿತು.

ಆರೈಕೆ ಹೇಗೆ?

ಎಲ್ಲ ಬಯಲೂ ಗಿಡ ನೆಡುವ ಜಾಗವಲ್ಲ. ಸೊಲ್ಲಾಪುರ, ಜತ್ತ ಕಡೆಯ ಒಣ ಹುಲ್ಲುಗಾವಲು ಹುಲ್ಲಾಗಿಯೇ ಇರಬೇಕು. ಅದರ ತುಂಬ ಮರ ನೆಟ್ಟರೆ ಮೇವೂ ಹೋಗುತ್ತದೆ, ಬಯಲಿನಲ್ಲಿ ಬದುಕುವ ಕೃಷ್ಣಮೃಗ, ನೆಲಹಕ್ಕಿಗಳೂ ಹೋಗುತ್ತವೆ. ಅಲ್ಲಿ ಅಂಚಿಗೆ ಬೇವು, ಬನ್ನಿ, ಹುಣಸೆ ಹಾಕಿದರೆ ಸಾಕು. ಕಾಸರಗೋಡಿನ ಮುರಕಲ್ಲಿನ ಪದವುಗಳಲ್ಲಿ ಮಳೆಗಾಲದಲ್ಲಿ ಅರಳುವ ಸಣ್ಣ ನೀಲಿ ಹೂಗಳು ತೆಳ್ಳಗಿನ ಮಣ್ಣಿನಲ್ಲಿ ಮಾತ್ರ ಬದುಕುತ್ತವೆ. ಆ ಕಲ್ಲಿನೊಳಗೆ ಇಳಿದ ನೀರೇ ಕೆಳಗಿನ ಸುರಂಗಗಳಿಗೆ, ಬಾವಿಗಳಿಗೆ ಬರುತ್ತದೆ. ಅಲ್ಲಿ ಗುಂಡಿ ತೋಡದೆ, ಮಣ್ಣು ಹೇರದೆ, ಕಸ ಸುರಿಯದಂತೆ ಕಾಯುವುದೇ ಆರೈಕೆ. ಬನಗಳಲ್ಲಿ ತರಗೆಲೆ ಗುಡಿಸಿ ಸಿಮೆಂಟು ಹಾಕುವುದು ಬೇಡ. ತರಗೆಲೆಯೇ ಬನದ ಗೊಬ್ಬರ.

ಬಳ್ಳಾರಿ ಜಾಲಿ ಈ ಸೀಮೆಯ ಎಲ್ಲ ಭಾಷೆಯವರಿಗೂ ಗೊತ್ತಿರುವ ಪೀಡೆ. ತಮಿಳಿನವರು ಸೀಮೈ ಕರುವೇಲಂ, ತೆಲುಗಿನವರು ಸರ್ಕಾರು ತುಮ್ಮ ಎನ್ನುತ್ತಾರೆ. ನೆಲಮಟ್ಟಕ್ಕೆ ಕಡಿದರೆ ಇನ್ನೂ ಹೆಚ್ಚು ಕವಲೊಡೆದು ಬರುತ್ತದೆ. ಬುಡದ ಗಂಟನ್ನು ಅಗೆದು ತೆಗೆಯಬೇಕು, ಮಳೆ ಬಂದ ಮೇಲೆ ಮೊಳೆತ ಸಸಿಗಳನ್ನು ಕೀಳಬೇಕು. ಅದರ ಕಾಯಿ ತಿಂದ ದನ, ಮೇಕೆಗಳ ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುವುದರಿಂದ ಕಾಯಿ ಬಲಿಯುವ ಮೊದಲೇ ತೆಗೆಯುವುದು ಲೇಸು. ಪಾರ್ಥೇನಿಯಂ ಅಂದರೆ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು, ಕೈಗೆ ಚೀಲ ಕಟ್ಟಿಕೊಂಡು ಕೀಳಬೇಕು. ಕೆಲವರಿಗೆ ಅದರಿಂದ ತುರಿಕೆ, ಉಬ್ಬಸ ಬರುತ್ತದೆ.

ಸಸಿ ನೆಡುವವರು ನೆಟ್ಟ ದಿನದ ಫೋಟೋಗಿಂತ ಮುಂದಿನ ಬೇಸಿಗೆಗಳ ನೀರಿನ ಲೆಕ್ಕ ಮೊದಲು ಮಾಡಬೇಕು. ನೀರು ಹಾಕುವ ಮನೆಗಳ ಸರದಿ ಸಿಗುವಷ್ಟೇ ಸಸಿ ನೆಡಿ. ದೊಡ್ಡ ಮರದ ಸುತ್ತ ಕಟ್ಟೆ ಕಟ್ಟುವಾಗ ಬುಡದ ಬಳಿ ಮಣ್ಣು ತೆರೆದೇ ಇರಲಿ.

ಮೇಯಿಸುವವರನ್ನು ಬಿಟ್ಟು ಮಾಡಬಾರದು

ಬಯಲಿಗೆ ಬೇಲಿ ಬಿದ್ದ ದಿನ ಮೊದಲು ತೊಂದರೆಯಾಗುವುದು ಕುರಿ ಮೇಕೆ ಸಾಕುವವರಿಗೆ ಮತ್ತು ಸೌದೆ ತರುವ ಹೆಂಗಸರಿಗೆ. ಅವರನ್ನು ಸಭೆಗೆ ಕರೆಯದೆ ಮಾಡಿದ ನಿಯಮ ಒಂದು ಹಂಗಾಮೂ ನಿಲ್ಲುವುದಿಲ್ಲ. ಇಡೀ ಜಾಗವನ್ನು ಮುಚ್ಚುವ ಬದಲು ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗವನ್ನು ಮಳೆಗಾಲದಲ್ಲಿ ಬಿಡುವು ಕೊಟ್ಟು, ಹುಲ್ಲು ಬೀಜ ಉದುರಿದ ಮೇಲೆ ಕೊಯ್ದು ಒಯ್ಯಲು ಬಿಡಬಹುದು. ಕಾವಲುಗಾರನನ್ನು ಆ ಮನೆಗಳಿಂದಲೇ ನೇಮಿಸಿ ಮನೆಗಿಷ್ಟೆಂದು ಜೋಳವನ್ನೋ ಹಣವನ್ನೋ ಕೊಡಬಹುದು. ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಬಡಾವಣೆಗಳಲ್ಲಿ

ಹೊಸೂರಿನ ಸುತ್ತ ಹೊಲಗಳು ಬಡಾವಣೆಗಳಾಗುತ್ತಿವೆ. ತಮಿಳುನಾಡಿನ 2019ರ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳಂತೆ 10,000 ಚದರ ಮೀಟರ್ ಮೀರಿದ ಬಡಾವಣೆಯಲ್ಲಿ ರಸ್ತೆ ಬಿಟ್ಟು ಉಳಿದ ಜಾಗದ ಶೇ. 10ನ್ನು ತೆರೆದ ಜಾಗವಾಗಿ ಸ್ಥಳೀಯ ಸಂಸ್ಥೆಗೆ ದಾನಪತ್ರದ ಮೂಲಕ ಬಿಟ್ಟುಕೊಡಬೇಕು. ನಿವೇಶನ ಕೊಳ್ಳುವವರು ಮಂಜೂರಾದ ನಕ್ಷೆಯ ಜೊತೆಗೆ ಈ ದಾನಪತ್ರದ ನಕಲನ್ನೂ ಕೇಳಿ ನೋಡಬೇಕು. ಪಾರ್ಕಿಗೆಂದು ಬಿಟ್ಟ ಜಾಗವನ್ನು ಬೇರೆಯದಕ್ಕೆ ಕೊಟ್ಟರೆ ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ಅಲ್ಲಿಯ ನಿವಾಸಿಗಳು ಪ್ರಶ್ನಿಸಿ ಗೆದ್ದ ಮೊಕದ್ದಮೆ ಅದು.

ಕೊನೆಯದಾಗಿ, ನಿಮ್ಮ ಊರಿನ ಬಯಲುಗಳ ಪಟ್ಟಿಯೊಂದನ್ನು ಮಾಡಿ ಶಾಲೆಯಲ್ಲೋ ದೇವಸ್ಥಾನದಲ್ಲೋ ತೂಗುಹಾಕಿ. ಊರಿನವರು ಕರೆಯುವ ಕನ್ನಡದ ಹೆಸರು, ದಾಖಲೆಯಲ್ಲಿರುವ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಇಷ್ಟಿದ್ದರೆ ಸಾಕು. ಹಿರಿಯರಿಗೆ ಜಾಗ ಗೊತ್ತು, ನಂಬರು ಗೊತ್ತಿಲ್ಲ; ಶಾಲೆ ಕಲಿತ ಮಕ್ಕಳಿಗೆ ರಾಜ್ಯದ ಭಾಷೆ ಓದಲು ಬರುತ್ತದೆ, ಜಾಗದ ಹೆಸರು ಗೊತ್ತಿಲ್ಲ. ಇಬ್ಬರೂ ಕೂತು ಒಂದು ಹಾಳೆ ಬರೆದರೆ ಮುಂದಿನ ಎಲ್ಲ ಕೆಲಸಕ್ಕೂ ಅದೇ ಬುನಾದಿಯಾಗುತ್ತದೆ.