ಹಳದಿ ಅಂಬಾಸಿಡರ್‌ನ ಆಯಸ್ಸಿನ ಗುಟ್ಟು

ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡಿಗರಿಗೆ ಹಳದಿ ಟ್ಯಾಕ್ಸಿಯನ್ನು ಪರಿಚಯಿಸಬೇಕಿಲ್ಲ. ಊರಿನಿಂದ ಬಂದ ಅಪ್ಪ-ಅಮ್ಮನನ್ನು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಡಬ್ಬಗಳ ಸಮೇತ ಹೌರಾ ಸ್ಟೇಷನ್ನಿನಿಂದ ಮನೆಗೆ ತಲುಪಿಸಿದ್ದು ಅದೇ ತಾನೆ! ಆದರೆ ಆ ಅಂಬಾಸಿಡರ್ ಹುಟ್ಟಿದ್ದು ಇಲ್ಲೇ ಪಕ್ಕದ ಹೂಗ್ಲಿ ಜಿಲ್ಲೆಯಲ್ಲಿ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

1942ರಲ್ಲಿ ಬಿರ್ಲಾ ಕುಟುಂಬ ಗುಜರಾತಿನ ಓಖಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿಯನ್ನು ಆರಂಭಿಸಿತು. 1948ರಲ್ಲಿ ಕಾರ್ಖಾನೆ ಉತ್ತರಪಾಡಾಕ್ಕೆ ಬಂತು. ಪಕ್ಕದ ರೈಲು ನಿಲ್ದಾಣದ ಹೆಸರೇ ಇಂದಿಗೂ ಹಿಂದ್ ಮೋಟರ್! ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರೇ 1950ರ ದಶಕದ ಕೊನೆಗೆ ಇಲ್ಲಿ ಅಂಬಾಸಿಡರ್ ಆಯಿತು.

ಅದರ ಒಳಗಿನ ಕೆಲಸ ಬಹಳ ಸರಳ. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಬದಲು ಉದ್ದನೆಯ ಉಕ್ಕಿನ ಸರಳುಗಳಿದ್ದವು. ಹಳ್ಳ ಸಿಕ್ಕಾಗ ಸರಳು ತಿರುಚಿಕೊಂಡು ಹೊಡೆತವನ್ನು ನುಂಗುತ್ತಿತ್ತು. ಹಿಂದೆ ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗ್. ಮೊದಲ ದಿನಗಳಲ್ಲಿ ಗೇರ್ ಸ್ಟೀರಿಂಗ್ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಸೀಟಿನಲ್ಲೂ ಮೂವರು ಕೂರಬಹುದಿತ್ತು. ಎತ್ತರದ ಚಾವಣಿಯಿಂದಾಗಿ ಸೀರೆಯುಟ್ಟವರೂ ವಯಸ್ಸಾದವರೂ ಬಗ್ಗಿ ಕಷ್ಟಪಡಬೇಕಿರಲಿಲ್ಲ. ಅದಕ್ಕೆ ಬಂದ 1489 ಸಿಸಿ ಬಿ-ಸೀರೀಸ್ ಎಂಜಿನ್ ಬ್ರಿಟನ್ನಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು ಎಂದರೆ ಆಶ್ಚರ್ಯವಾಗಬಹುದು. ಯಾವ ಬೀದಿ ಬದಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಹುದಾದ ಎಂಜಿನ್ ಅದು.

ಇದೇ ಗುಣಕ್ಕೆ ಹೆಸರಾದ ಇನ್ನೊಂದು ಕಾರು ಸ್ವೀಡನ್ನಿನ ವೋಲ್ವೋ ಪಿ1800. 1961ರಲ್ಲಿ ಬಂದ ಈ ಚೆಂದದ ಸ್ಪೋರ್ಟ್ಸ್ ಕಾರಿನ ವಿನ್ಯಾಸ ಪೆಲ್ಲೆ ಪೆಟರ್ಸನ್ ಅವರದು. ಹೊರಗಿನ ಬೆಡಗು ಏನೇ ಇರಲಿ, ಒಳಗಿದ್ದದ್ದು ಐದು ಬೇರಿಂಗುಗಳ ಮೇಲೆ ತಿರುಗುವ ಗಟ್ಟಿಮುಟ್ಟಾದ ನಾಲ್ಕು ಸಿಲಿಂಡರಿನ ಎಂಜಿನ್. ಅಮೆರಿಕದ ಶಾಲಾ ಶಿಕ್ಷಕ ಇರ್ವ್ ಗೋರ್ಡನ್ ತಮ್ಮ 1966ರ ಪಿ1800ರಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ ಓಡಿಸಿದ್ದರು. ಸಮಯಕ್ಕೆ ಸರಿಯಾಗಿ ಎಣ್ಣೆ ಬದಲಿಸಿ, ಜೋಪಾನವಾಗಿ ನೋಡಿಕೊಂಡರೆ ಯಂತ್ರವೂ ಋಣ ತೀರಿಸುತ್ತದೆ!

ಆದರೆ ಎರಡೂ ಕಂಪನಿಗಳ ದಾರಿ ಬೇರೆಯಾಯಿತು. ವೋಲ್ವೋ 1973ರಲ್ಲಿ ಈ ಕಾರನ್ನು ನಿಲ್ಲಿಸಿ ಮುಂದಕ್ಕೆ ಹೋಯಿತು. ನಮ್ಮಲ್ಲಿ ಲೈಸೆನ್ಸ್ ರಾಜ್ಯದ ಕಾಲ. ಪೈಪೋಟಿ ಕಡಿಮೆ, ಕೊಳ್ಳುವವರು ಸರದಿಯಲ್ಲಿ ಕಾಯುತ್ತಿದ್ದರು. ಹಾಗಿರುವಾಗ ಬದಲಾಗುವ ಅಗತ್ಯವೇನಿತ್ತು? 1983ರಲ್ಲಿ ಮಾರುತಿ 800 ಬಂದಾಗ ಉತ್ತರ ಸಿಕ್ಕಿತು. 1992ರಲ್ಲಿ ಇಸುಜು ಎಂಜಿನ್ ಹಾಕಿದರೂ ತಡವಾಗಿತ್ತು. ಮೇ 2014ರಲ್ಲಿ ಕಾರ್ಖಾನೆ ನಿಂತು, ಕಾರ್ಮಿಕರು ಕೆಲಸ ಕಳೆದುಕೊಂಡರು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು 80 ಕೋಟಿ ರೂಪಾಯಿಗೆ ಪ್ಯೂಜೋ ಪಾಲಾಯಿತು.

ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸರಿಪಡಿಸಲು ಬರುವ ವಸ್ತು ಬಾಳುತ್ತದೆ. ಆದರೆ ಬಾಳುತ್ತಿದೆಯಲ್ಲ ಎಂದು ಅದನ್ನು ಹಾಗೇ ಬಿಟ್ಟರೆ, ಒಂದು ದಿನ ಅದರ ಕಾಲವೇ ಮುಗಿದಿರುತ್ತದೆ.

ಇಲ್ಲಿನ ಟ್ಯಾಕ್ಸಿಗಳಿಗಿರುವ 15 ವರ್ಷದ ಮಿತಿಯ ಪ್ರಕಾರ, 2014ರ ಕೊನೆಯ ಕಾರುಗಳಿಗೂ 2029ರವರೆಗೆ ಮಾತ್ರ ಅವಕಾಶ. ಅವುಗಳ ಜೊತೆಗೆ, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್‌ಗಳ ವಿದ್ಯೆಯೂ ಹೋಗುತ್ತದೆ. ಮಕ್ಕಳನ್ನು ಒಮ್ಮೆ ಹಳದಿ ಟ್ಯಾಕ್ಸಿಯಲ್ಲಿ ಕರೆದೊಯ್ಯಿರಿ. ಸಾಧ್ಯವಾದರೆ ಚಾಲಕರನ್ನು ಕೇಳಿ, ಬಾನೆಟ್ ಎತ್ತಿ ಒಳಗೇನಿದೆ ಎಂದೂ ತೋರಿಸಿ.