ಗಿರವಿಯ ಮೆಟ್ಟಿಲು ಮತ್ತು ವಿಮೆಯ ಗಡಿ

ಆಸ್ಪತ್ರೆಯ ಖರ್ಚನ್ನು ಭರಿಸಲು ರೈತ ಕುಟುಂಬಕ್ಕೆ ಬಹುಕಾಲ ಇದ್ದ ದಾರಿಗಳು ಕೆಲವೇ: ಕೂಡಿಟ್ಟ ಹಣ, ನೆಂಟರ ಕೈಗಡ, ಒಡವೆಯ ಗಿರವಿ, ದನದ ಮಾರಾಟ, ಕೊನೆಗೆ ಹೊಲದ ಅಡಮಾನ. ಮೊದಲಿನವುಗಳ ನಷ್ಟವನ್ನು ದುಡಿದು ತುಂಬಿಕೊಳ್ಳಬಹುದು. ಕೊನೆಯವು ದುಡಿಮೆಯ ಮೂಲವನ್ನೇ ಕಸಿಯುತ್ತವೆ. ಕುಟುಂಬವೊಂದು ಈ ಮೆಟ್ಟಿಲುಗಳಲ್ಲಿ ಎಷ್ಟು ಕೆಳಗಿಳಿಯಬೇಕಾಯಿತು ಎಂಬುದೇ ಆರೋಗ್ಯ ವಿಮೆಯ ನಿಜವಾದ ಅಳತೆಗೋಲು.

ಈ ಚರಿತ್ರೆಯಲ್ಲಿ ಗಡಿನಾಡಿಗೆ ವಿಶೇಷ ಸ್ಥಾನವಿದೆ. ಅವಿಭಜಿತ ಆಂಧ್ರಪ್ರದೇಶದ ರಾಜೀವ್ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಮೊದಲು ಜಾರಿಗೆ ಬಂದದ್ದು ಅನಂತಪುರ, ಮಹಬೂಬ್‌ನಗರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ. ಮೊದಲೆರಡರಲ್ಲಿ ಕನ್ನಡಿಗರು ತಲೆಮಾರುಗಳಿಂದ ನೆಲೆಸಿದ್ದಾರೆ. ರಾಯದುರ್ಗ, ಮಡಕಶಿರಾಗಳು ಆಗ ಅನಂತಪುರಕ್ಕೆ ಸೇರಿದ್ದವು. ಬಡ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿಗಳ, ಅಗತ್ಯವಿದ್ದಲ್ಲಿ ಇನ್ನೂ 50,000 ರೂಪಾಯಿಗಳ ಚಿಕಿತ್ಸೆಗೆ ರಕ್ಷಣೆ ದೊರೆಯಿತು. ವಿಮಾ ಕಂತನ್ನು ಸರ್ಕಾರವೇ ಕಟ್ಟಿತು. ಕರ್ನಾಟಕದಲ್ಲಿ 2003ರಲ್ಲಿ ಆರಂಭವಾದ ಯಶಸ್ವಿನಿಯ ರೀತಿ ಬೇರೆ: ಅಲ್ಲಿ ಸಹಕಾರ ಸಂಘದ ಸದಸ್ಯ ರೈತನೇ ಮೊದಲಿಗೆ ವರ್ಷಕ್ಕೆ 60 ರೂಪಾಯಿ ತೆರುತ್ತಿದ್ದ.

ಆರೋಗ್ಯಶ್ರೀಯ ಮಾದರಿಯನ್ನು ಅನುಸರಿಸಿ ಕರ್ನಾಟಕವು 2010ರಲ್ಲಿ ವಾಜಪೇಯಿ ಆರೋಗ್ಯಶ್ರೀಯನ್ನು ಉತ್ತರದ ಜಿಲ್ಲೆಗಳಲ್ಲಿ ತಂದಿತು. ಯೋಜನೆಯ ಎಲ್ಲೆಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅರ್ಹ ಕುಟುಂಬಗಳು ಆಸ್ಪತ್ರೆವಾಸಕ್ಕೆ ಸ್ವಂತವಾಗಿ ಮಾಡುವ ವೆಚ್ಚ ಗಣನೀಯವಾಗಿ ಇಳಿದಿತ್ತೆಂದು ತೋರಿಸಿತು.

ಆದರೆ ಈ ಯೋಜನೆಗಳ ದೃಷ್ಟಿ ನೆಟ್ಟದ್ದು ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್‌ನಂತಹ ದೊಡ್ಡ ವೆಚ್ಚಗಳ ಮೇಲೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ಕೊಳ್ಳಬೇಕಾದ ಮಾತ್ರೆಗಳು ಬಹುಮಟ್ಟಿಗೆ ವಿಮೆಯ ಹೊರಗೇ ಉಳಿದವು. ಮನೆಯವರು ಕಳೆದುಕೊಳ್ಳುವ ಕೂಲಿಯೂ ಬಹುಕಾಲ ಲೆಕ್ಕಕ್ಕೆ ಬರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ವಿಶ್ರಾಂತಿಯಲ್ಲಿರುವ ರೋಗಿಗೆ ದಿನಕ್ಕೆ 225 ರೂಪಾಯಿ, ತಿಂಗಳಿಗೆ ಗರಿಷ್ಠ 5,000 ರೂಪಾಯಿ ಕೊಡುವ ಕ್ರಮವನ್ನು ಆಂಧ್ರ ಸರ್ಕಾರ ತಂದದ್ದು 2019ರಲ್ಲಿ.

ಇನ್ನೊಂದು ಕೊರತೆ ಭೂಪಟದ್ದು. ಕರ್ನಾಟಕದೊಳಕ್ಕೆ ಚಾಚಿಕೊಂಡಿರುವ ಮಡಕಶಿರಾ ಸೀಮೆಗೆ ಹೈದರಾಬಾದಿಗಿಂತ ಬೆಂಗಳೂರೇ ಬಹಳ ಹತ್ತಿರ. ಬೆಂಗಳೂರಿನ ಆಯ್ದ ಆಸ್ಪತ್ರೆಗಳಿಗೂ ಆಂಧ್ರವು ಆರೋಗ್ಯಶ್ರೀಯನ್ನು ವಿಸ್ತರಿಸಿದ್ದು 2019ರ ನವೆಂಬರ್ 1ರಿಂದ, ಅಂದರೆ ಅನಂತಪುರದಲ್ಲಿ ಯೋಜನೆ ಆರಂಭವಾಗಿ ಹನ್ನೆರಡು ವರ್ಷಗಳ ಮೇಲೆ. ರೋಗಿ ಹತ್ತಿರದ ಆಸ್ಪತ್ರೆಯ ದಾರಿ ಹಿಡಿಯುತ್ತಾನೆ. ರಾಜ್ಯದ ಚೀಟಿ ರಾಜ್ಯದ ಎಲ್ಲೆಯಲ್ಲಿ ನಿಲ್ಲುತ್ತದೆ. ಅವೆರಡರ ನಡುವಿನ ಅಂತರವನ್ನು ಗಡಿನಾಡಿನ ಕುಟುಂಬ ತುಂಬಬೇಕಾದುದು ಮತ್ತೆ ಆ ಹಳೆಯ ಮೆಟ್ಟಿಲುಗಳನ್ನು ಇಳಿದೇ. ಆದ್ದರಿಂದ ಇಲ್ಲಿನ ವಿಮೆಯ ಚರಿತ್ರೆಯನ್ನು ಬರೆಯುವವರು ಚೀಟಿಗಳ ಸಂಖ್ಯೆಯ ಜೊತೆಗೆ ಗಿರವಿ ಅಂಗಡಿಯ ಲೆಕ್ಕವನ್ನೂ ಓದಬೇಕು.