ಗಡಿ ದಾಟಿದ ಹಳಿ: ಮರ್ಮಗೋವಾ–ಕ್ಯಾಸಲ್‌ರಾಕ್ ರೈಲುಮಾರ್ಗ

ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್ ಒಂದು ಕಾಲದಲ್ಲಿ ಎರಡು ಸಾಮ್ರಾಜ್ಯಗಳ ಗಡಿನಿಲ್ದಾಣವಾಗಿತ್ತು. ಮರ್ಮಗೋವಾ ಬಂದರಿನಿಂದ ಘಟ್ಟವೇರಿ ಬಂದ ಮೀಟರ್ ಗೇಜ್ ಮಾರ್ಗವನ್ನು ನಿರ್ಮಿಸಿದ್ದು ‘ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ’ ಎಂಬ ಖಾಸಗಿ ಬ್ರಿಟಿಷ್ ಕಂಪನಿ.

ಈ ಹಳಿಯ ಬೆಲೆಯನ್ನು ತೆತ್ತವರು ಗೋವೆಯ ಉಪ್ಪಿನ ಆಗರದವರು. 1878ರ ಆಂಗ್ಲ–ಪೋರ್ಚುಗೀಸ್ ಒಪ್ಪಂದವು ಅಲ್ಲಿನ ಉಪ್ಪಿನ ಉತ್ಪಾದನೆಯನ್ನು ಬ್ರಿಟಿಷರ ಹಿಡಿತಕ್ಕೆ ಒಪ್ಪಿಸಿತು. ಪ್ರತಿಯಾಗಿ ಪೋರ್ಚುಗೀಸ್ ಸರ್ಕಾರಕ್ಕೆ ದೊರೆತ ವಾರ್ಷಿಕ 4 ಲಕ್ಷ ರೂಪಾಯಿ ಕಂಪನಿಯ ಬಡ್ಡಿಯ ಖಾತರಿಗೆ ಆಧಾರವಾಯಿತು. 1892ರಲ್ಲಿ ಒಪ್ಪಂದ ಕೊನೆಗೊಂಡಿತು, ರೈಲು ಉಳಿಯಿತು. 1902ರಿಂದ ಸದರ್ನ್ ಮರಾಠಾ ರೈಲ್ವೆ ಅದನ್ನು ನಡೆಸಿತು.

1955ರಲ್ಲಿ ಆರ್ಥಿಕ ದಿಗ್ಬಂಧನದಿಂದ ಗಡಿಸಂಚಾರ ಸ್ಥಗಿತಗೊಂಡಿತು. 1961ರಲ್ಲಿ ಗೋವಾ ವಿಮೋಚನೆಗೊಂಡ ತರುವಾಯ ಮಾರ್ಗವು ಭಾರತೀಯ ರೈಲ್ವೆಯ ಅಂಗವಾಯಿತು. ಗಡಿ ಅಳಿಯಿತು, ಮಾರ್ಗ ಉಳಿಯಿತು. ಅದಕ್ಕೆ ಅಡಿಪಾಯವಾದ ಆಗರದವರ ನಷ್ಟ ಮಾತ್ರ ಮರೆಯಲ್ಲಿಯೇ ಉಳಿಯಿತು.